ಹಿತ್ತಿಲ ಗಿರಾಕಿ

ನಮ್ಮ ಯಜಮಾನರು ಜೀವಮಾನವೆಲ್ಲ ಫೋಟೋ ಸ್ಟುಡಿಯೋದಲ್ಲಿ ಜನರ ಮುಖ ತೆಗೆದವರು. ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಎರಡು ಬೆರಳಿನಿಂದ ಗದ್ದ ಎತ್ತಿ, “ಉಸಿರು ಬಿಡಿ, ನಗಬೇಡಿ” ಎನ್ನುವುದು ಅವರ ಮಂತ್ರ. ಈಗ ಅವರ ಕಣ್ಣಿನ ನಡುವೆಯೇ ಮಂಜು ಕೂತಿದೆ. ಅಂಚಿನಲ್ಲಿ ಮಾತ್ರ ಒಂದಿಷ್ಟು ಕಾಣುತ್ತದೆ. ಅದು ಸಾಲದು ಎಂಬಂತೆ ಇಲ್ಲದ್ದೂ ಕಾಣುತ್ತದೆ: ಗೋಡೆಯ ಮೇಲೆ ಹೂಬಳ್ಳಿ, ಸೋಫಾದಲ್ಲಿ ಟೋಪಿ ಹಾಕಿಕೊಂಡ ಮಕ್ಕಳು. ಬುದ್ಧಿಗೇನೂ ಆಗಿಲ್ಲ, ದೃಷ್ಟಿ ಕುಂದಿದಾಗ ಮಿದುಳು ತಾನೇ ಚಿತ್ರ ತುಂಬಿಕೊಳ್ಳುತ್ತದೆ ಎಂದರು ಕಣ್ಣಿನ ಡಾಕ್ಟರು.

ಅಂದಿನಿಂದ ನಮ್ಮ ಮನೆಯಲ್ಲೊಂದು ಪದ್ಧತಿ ಶುರುವಾಯಿತು. ಏನಾದರೂ ಕಂಡರೆ ಅವರು “ಇದ್ಯಾ?” ಎನ್ನುತ್ತಾರೆ, ನಾನು ನೋಡಿ “ಇದೆ” ಅಥವಾ “ಇಲ್ಲ” ಎನ್ನುತ್ತೇನೆ. ಒಮ್ಮೆ ಆ ಟೋಪಿ ಮಕ್ಕಳನ್ನು ಕಂಡು ಅವರ ಮುಖ ಎಷ್ಟು ಅರಳಿತ್ತೆಂದರೆ, ಮನಸ್ಸು ತಡೆಯದೆ “ಇದ್ದಾರೆ” ಎಂದುಬಿಟ್ಟೆ. ಅವರು ಕೈ ಚಾಚಿದರು, ಸಿಕ್ಕಿದ್ದು ದಿಂಬು.

“ನೀನೂ ಸುಳ್ಳು ಹೇಳಿದ್ರೆ ನಾನು ಇನ್ಯಾರನ್ನ ಕೇಳ್ಲಿ?” ಎಂದರು. ಆಮೇಲೆ ನನ್ನ “ಇದೆ”ಗೆ ಅರ್ಧ ಬೆಲೆಯೂ ಉಳಿಯಲಿಲ್ಲ.

ಹೀಗಿರುವಾಗ ಹಿತ್ತಿಲಿಗೆ ನರಿ ಬರತೊಡಗಿತು. ಬರತೊಡಗಿತು ಎಂದವರು ಅವರು. ಬೆಳಿಗ್ಗೆ ಹಿಂಬಾಗಿಲ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂತಿದ್ದಾಗ ಕಾಂಪೌಂಡಿನ ಬುಡದಲ್ಲೇ ನಡೆದು ಬಂದು, ನಿಂತು, ಇವರನ್ನು ನೋಡಿ ಹೋಗುತ್ತದಂತೆ. ಕೂಗಿದಾಗೆಲ್ಲ ನಾನು ಬಟ್ಟೆ ಒಗೆಯುತ್ತಿದ್ದ ಕೈಯ ನೊರೆ ಒರೆಸಿಕೊಳ್ಳುತ್ತ ಓಡಿ ಬರುತ್ತಿದ್ದೆ. ಅಲ್ಲಿ ಇರುತ್ತಿದ್ದದ್ದು ಗೋಡೆ, ಹುಲ್ಲು, ಒಡೆದ ಬಕೆಟ್ಟು.

“ಇದ್ಯಾ?”

“ಇಲ್ಲಾರೀ.”

ಕೆಲವು ದಿನ ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಮೆಟ್ಟಿಲ ಮೇಲಿನ ಮಣೆಯನ್ನೂ ಒಳಗೆ ತಂದಿಟ್ಟರು. “ಕಂಡಿದ್ದನ್ನ ನಂಬೋ ಹಾಗಿಲ್ಲ ಅಂದ್ಮೇಲೆ ಅಲ್ಲಿ ಕೂತು ಏನು ಮಾಡ್ಲಿ?” ಎಂದು ಗೋಡೆ ಕಡೆ ಮುಖ ಮಾಡಿ ಕೂತರು. ನನಗೆ ನರಿಯ ಮೇಲೆ ಸಿಟ್ಟು ಬಂತು. ಬರುವ ಹಾಗಿದ್ದರೆ ನಾನಿರುವಾಗ ಬಂದರೆ ಅದರ ಗಂಟೇನು ಹೋಗುತ್ತಿತ್ತು?

ನನ್ನ ತಮ್ಮ ಕಾಡಿನಲ್ಲಿ ಪ್ರಾಣಿಗಳ ಗಣತಿ ಮಾಡುವವನು. ಅವನಿಗೆ ಫೋನು ಮಾಡಿದೆ. ಅಂಗೈಯಗಲದ ಹಸಿರು ಡಬ್ಬಿಯೊಂದನ್ನು ತಂದ. ಎದುರಿಗೆ ಏನಾದರೂ ಅಲ್ಲಾಡಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ. “ಭಾವ, ಇದನ್ನ ಮೊಣಕಾಲೆತ್ತರಕ್ಕೆ…” ಎಂದು ಬಾಯಿ ತೆಗೆದಿದ್ದೇ ತಡ, ಇವರು ಡಬ್ಬಿ ಕಿತ್ತುಕೊಂಡರು.

“ನನಗೇ ಕ್ಯಾಮೆರಾ ಇಡೋದು ಹೇಳಿಕೊಡ್ತೀಯೇನೋ?”

ಎಷ್ಟೋ ದಿನದ ಮೇಲೆ ಆ ದನಿ ಕೇಳಿದ್ದು. ನಾನು ತಮ್ಮನಿಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದೆ. ಅವರು ಪೇರಲೆ ಮರವನ್ನು ತಡವಿ, ಪಟ್ಟಿ ಬಿಗಿದು, ಬೆರಳಿನಿಂದಲೇ ಮಟ್ಟ ನೋಡಿ ಕಟ್ಟಿದರು. ಒಂದು ಕೂದಲೆಳೆಯಷ್ಟೂ ಓರೆಯಿರಲಿಲ್ಲ.

ವಾರ ಕಳೆದು ತಮ್ಮ ಬಂದು ಕ್ಯಾಮೆರಾದ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದ. ಮೊದಲ ಫೋಟೋ ನಾನು. ಎರಡನೆಯದೂ ನಾನು. ಬಕೆಟ್ಟಿನಿಂದ ಒಗೆದ ಬಟ್ಟೆ ಎತ್ತಲು ಬಗ್ಗಿದ ನಾನು, ಕೂತು ಆಕಳಿಸುವ ನಾನು, ಕೆದರಿದ ತಲೆಯ ನಾನು. ಎಲ್ಲದರಲ್ಲೂ ಮುಖ ನಟ್ಟನಡುವೆ, ಪಾಸ್‌ಪೋರ್ಟಿಗೆ ಅಂಟಿಸುವಷ್ಟು ನೀಟು. ಸ್ಟೂಲಿನ ಮೇಲೆ ಕೂತವರ ಮುಖದ ಎತ್ತರಕ್ಕೆ ಕಟ್ಟಿದ್ದರು ಪುಣ್ಯಾತ್ಮರು! ನಗು ತಡೆಯಲಾರದೆ ತಮ್ಮ ಹೊರಗೆ ಹೋದ. ನಾನು ಒಂದೊಂದೇ ಒತ್ತುತ್ತ ಹೋದೆ. ಒಂದು ಕಡೆ ಕೈ ನಿಂತಿತು.

“ರೀ, ಕಿವಿ.”

“ಯಾರ ಕಿವಿ?”

“ನರೀದು. ಇದೆ ಕಣ್ರೀ.”

ಅವರು ತಲೆಯಾಡಿಸಿದರು. “ನನ್ನ ಸಮಾಧಾನಕ್ಕೆ ಹೇಳ್ಬೇಡ.”

ನನಗೆ ರೇಗಿಹೋಯಿತು. “ಸಮಾಧಾನಕ್ಕಾದ್ರೆ ಇಡೀ ನರಿ ಹೇಳ್ತಿದ್ದೆ, ಬರೀ ಕಿವಿ ಯಾಕೆ ಹೇಳ್ಲಿ? ಮಿಕ್ಕಿದ್ದೆಲ್ಲ ನೀವೇ ಕತ್ತರಿಸಿ ಹಾಕಿದ್ದೀರಿ. ಫೋಟೋದ ತಳದಲ್ಲಿ ಎರಡು ತುದಿ ಕಾಣ್ತಿದೆ, ಅಷ್ಟೇ. ಎರಡೂ ಅಲ್ಲ, ಒಂದೂವರೆ. ಎಡಗಿವಿ ಅರ್ಧಕ್ಕೆ ಹರಿದುಹೋಗಿದೆ.”

ಅವರು ಮೇಜಿನ ಅಂಚು ತಡವಿ, ಕೈಯಲ್ಲಿದ್ದ ಕಾಫಿ ಲೋಟ ಇಟ್ಟರು.

“ಎಡಗಿವಿನಾ?”

“ಹೂಂ. ಯಾಕೆ?”

“ಕಿವಿ ಹರಿದಿರೋದು ನಾನು ನಿಂಗೆ ಹೇಳೇ ಇರ್ಲಿಲ್ಲ ಕಣೇ. ಯಾರಿಗೂ ಹೇಳಿರ್ಲಿಲ್ಲ.”

ಅವರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ನನ್ನ ಕೈ ಹುಡುಕಿ ಹಿಡಿದುಕೊಂಡರು. ಆಮೇಲೆ ಇದ್ದಕ್ಕಿದ್ದಂತೆ ಅವರೊಳಗಿನ ಸ್ಟುಡಿಯೋದವರು ಎದ್ದು ಕೂತರು.

“ಛೆ, ಮುಖಾನೇ ಬಿಟ್ಟಿದ್ದೀನಲ್ಲ! ಗಿರಾಕಿ ಏನಂದ್ಕೊಂಡಿರುತ್ತೋ.”

ನನ್ನ ಹೆಗಲು ಹಿಡಿದು ಮೊಣಕಾಲೂರಿ, ಕ್ಯಾಮೆರಾವನ್ನು ಪೇರಲೆಯ ಬುಡಕ್ಕೆ ಇಳಿಸಿ ಕಟ್ಟಿದರು. ಮಣೆಯನ್ನು ಮತ್ತೆ ಮೆಟ್ಟಿಲ ಮೇಲೆ ಹಾಕಿದರು.

ಮರುದಿನ ಬೆಳಿಗ್ಗೆ ನಾನು ಬೆಡ್‌ಶೀಟು ಹಿಂಡುತ್ತಿದ್ದೆ. “ಬಾರೇ, ಬಂದಿದೆ” ಎಂದು ಪಿಸುದನಿಯಲ್ಲಿ ಕರೆದರು. ಹಿಂಡುವುದನ್ನು ಅರ್ಧಕ್ಕೇ ಬಿಟ್ಟು ಓಡಿದೆ. ಗೋಡೆ, ಹುಲ್ಲು, ಒಡೆದ ಬಕೆಟ್ಟು. ಅವರು ಇದ್ಯಾ ಎಂದು ಕೇಳಲಿಲ್ಲ.

“ಹೋಯ್ತು ನೋಡು! ಯಾವಾಗ್ಲೂ ಲೇಟು ನೀನು. ಕಣ್ಣು ನೆಟ್ಟಗಿದ್ದು ಏನು ಭಾಗ್ಯ ಬಂತು?” ಎಂದು ನನ್ನನ್ನೇ ಗದರಿದರು.

ನಾನು ಒದ್ದೆ ಕೈಯಲ್ಲೇ ಪಕ್ಕದಲ್ಲಿ ಕೂತು, ಇನ್ನೂ ಸ್ವಲ್ಪ ಬೈಯಲಿ ಎಂದು ಕಾದೆ.