ಬುಧವಾರದ ಫೋನು

ಬಿಸಿಲಿಗೆ ಕಾದ ಫರಸಿ ಕಲ್ಲಿನ ಮೇಲೆ ಕೊಡದ ನೀರು ಬಿದ್ದಾಗ ಏಳುವ ವಾಸನೆಯೇ ನನಗೆ ಅಪ್ಪನ ವಾಸನೆ. ಅವನು ಭಂಕೂರಿನಿಂದ ನಡೆದು ಹೋಗಿ ಶಹಾಬಾದದ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಬುತ್ತಿ ಹಿಡಿದು ನಾನು ಬಾಗಿಲಲ್ಲಿ ನಿಂತರೆ ಮೊದಲು ಆ ವಾಸನೆ ಬರುತ್ತಿತ್ತು, ಆಮೇಲೆ ಅಪ್ಪ ಬರುತ್ತಿದ್ದ. ಒದ್ದೆ ಪಾಟಿಯದ್ದಕ್ಕೂ ಹಸಿ ಸುಣ್ಣದ್ದಕ್ಕೂ ನಡುವಿನ ವಾಸನೆ ಅದು.

ಅದಕ್ಕೇ ಇರಬೇಕು, ಮಗಳು ಲುಂಬಿನಿ ಡಾಕ್ಟರಾಗಿ ಶಹಾಬಾದದಲ್ಲಿ ದವಾಖಾನೆ ಕಟ್ಟಿಸಿದಾಗ, ರೋಗಿಗಳ ಫೈಲು ಇಡುವ ಖೋಲಿಗೆ ಟೈಲ್ಸ್ ಬೇಡ, ಫರಸಿಯೇ ಇರಲಿ ಎಂದು ಹಟ ಹಿಡಿದೆ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ಆ ಖೋಲಿ ನನ್ನದೇ ಆಯಿತು. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಬಾಬಾಸಾಹೇಬರ ಫೋಟೋ ಒರೆಸಿ, ಬಕೆಟ್ಟಿನಿಂದ ನೀರು ಸುರುವಿ, ಕಸಬರಿಗೆಯಿಂದ ತಿಕ್ಕಿ ತೊಳೆಯುತ್ತಿದ್ದೆ. ಬೇರೆಯವರಿಗೆ ಬಿಡುತ್ತಿರಲಿಲ್ಲ.

ಬುಧವಾರ ಲುಂಬಿನಿ ಚಿತ್ತಾಪುರಕ್ಕೆ ಹೋಗಿ ರೋಗಿಗಳನ್ನು ನೋಡುತ್ತಾಳೆ. ಮಧ್ಯಾಹ್ನ ಅಲ್ಲಿಂದ ಫೋನು ಬರುತ್ತಿತ್ತು.

“ಅವ್ವಾ, ಪೀರಪ್ಪ ಕಾಕಾ ಇಲ್ಲಿ ಬಂದು ಕುಂತಾನ. ಮಗಳ ಮನಿಗೆ ಬಂದಿದ್ನಂತ. ದಮ್ಮು ಹತ್ಯಾದ. ಅವಗ ಯಾವ ಇಂಜೆಕ್ಷನ್ ಆಗಿಬರಂಗಿಲ್ಲ, ಫೈಲ್ ನೋಡಿ ಹೇಳ.”

“ತಡಿ, ಚಸ್ಮಾ ಹುಡುಕಾಕತ್ತೀನಿ.”

ಚಸ್ಮಾ ಮೂಗಿನ ಮೇಲೇ ಇರುತ್ತಿತ್ತು. ಅವಳ ಉಸಿರು ಕಿವಿಯಲ್ಲಿ ಇನ್ನಷ್ಟು ಹೊತ್ತು ಇರಲಿ ಎಂದು ಹಾಗೆನ್ನುತ್ತಿದ್ದೆ. ಫೈಲು ಓದಿದ ಮೇಲೆ ಅವಳು ಕೇಳುತ್ತಿದ್ದಳು: “ಊಟ ಆತೇನು?”

“ಇನ್ನಾ ಇಲ್ಲ.”

“ಉಣ್ಣು ಮೊದಲ.”

ಅವಳು ಹೇಳಿದ ಮೇಲೆಯೇ ನಾನು ಬುತ್ತಿ ಬಿಚ್ಚುವುದು. ಒಂದೇ ಮನೆಯಲ್ಲಿದ್ದರೂ ಬೇರೆ ದಿನ ಅವಳಿಗೆ ಹೀಗೆ ಕೇಳಲು ಪುರಸತ್ತು ಇರುತ್ತಿರಲಿಲ್ಲ.

ಹೋದ ವರ್ಷ ಶೈಸ್ತಾ ಮ್ಯಾನೇಜರಾಗಿ ಬಂದಳು. ವಾಡಿಯ ಹುಡುಗಿ. ದಿನಾ ರೈಲಿನಲ್ಲಿ ಬಂದು ಹೋಗುತ್ತಾಳೆ. ದವಾಖಾನೆಗೆ ಸಾಫ್ಟ್‌ವೇರ್ ಹಾಕಿಸೋಣ ಎಂದವಳು ಅವಳೇ. ಕಲಬುರಗಿಯಿಂದ ಸುರೇಶಕುಮಾರ ಎಂಬ ಮಾರಾಟದವನು ಲ್ಯಾಪ್‌ಟಾಪ್ ಹಿಡಿದು ಬಂದ.

“ಎರಡು ನಮೂನಿ ಅದಾವ್ರಿ. ಒಂದು, ಸರ್ವರ್ ಅಂತ ಮಷೀನು ನಿಮ್ಮ ಖೋಲ್ಯಾಗೇ ಇರತದ, ಎಲ್ಲಾ ಮಾಹಿತಿ ಅದರಾಗೆ. ಹೊರಗಿನಿಂದ ನೋಡಲಿಕ್ಕಿ ಆಗಂಗಿಲ್ಲ. ಇನ್ನೊಂದು ಕ್ಲೌಡ್. ಮಾಹಿತಿ ದೂರದ ಊರಾಗ ಕಂಪನಿ ಮಷೀನಿನ್ಯಾಗ ಇರತದ. ನೀವು ಇಂಟರ್ನೆಟ್ ಮ್ಯಾಲ ಎಲ್ಲಿ ಕುಂತರೂ ನೋಡಬಹುದು.”

“ಯಾವುದು ಛಲೋ?” ಎಂದೆ.

“ನೀವು ತಗೊಂಡದ್ದೇ ಛಲೋರಿ, ಅಮ್ಮಾವ್ರೆ.”

“ಭಾಳ ಶಾಣ್ಯಾ ಇದ್ದಾನ,” ಎಂದು ಲುಂಬಿನಿ ನಕ್ಕಳು.

ಶೈಸ್ತಾ ಹೇಳಿದಳು: “ಕ್ಲೌಡ್ ಆದ್ರ ಮೇಡಂ ಚಿತ್ತಾಪುರದಾಗ ಮೊಬೈಲಿನ್ಯಾಗೇ ಫೈಲ್ ನೋಡ್ತಾರ. ರೋಗಿ ಕಾಯೂದಿಲ್ಲ. ಅಮ್ಮಗೂ ತಕಲೀಫ್ ತಪ್ಪತದ.”

ತಕಲೀಫಂತೆ! ನನ್ನ ವಾರದ ಒಂದೇ ಒಂದು ಸುಖಕ್ಕೆ ಅವಳು ಇಟ್ಟ ಹೆಸರು.

“ನನಗೇನು ತಕಲೀಫ್ ಇಲ್ಲವಾ. ನಮ್ಮ ಮಂದಿ ಬ್ಯಾನಿ ಬ್ಯಾಸರಕಿ ಕಂಡವರ ಊರಾಗ ಯಾಕ ಇಡಬೇಕು? ಅದೂ ಅಲ್ದೆ ಕಲ್ಲಿನ ಲಾರಿ ಹೊಂಟ್ರ ದಾರ್ಯಾಗಿನ ಕೇಬಲ್ ಹರಕೊಂಡೇ ಹೋಗತಾವ. ಅವತ್ತ ಏನ್ ಮಾಡ್ತಿ? ಮಷೀನು ಮನ್ಯಾಗೇ ಇರಲಿ.”

ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ದೊಡ್ಡದಿತ್ತು. ಮಷೀನು ನನ್ನ ಖೋಲಿಯಲ್ಲಿದ್ದರೆ ಲುಂಬಿನಿ ಚಿತ್ತಾಪುರದಿಂದ ನನಗೇ ಫೋನು ಮಾಡಬೇಕಾಗುತ್ತಿತ್ತು.

ಒಂದು ತಿಂಗಳು ಎರಡನ್ನೂ ನಡೆಸಿ ನೋಡೋಣ ಎಂದು ಲುಂಬಿನಿ ತೀರ್ಮಾನಿಸಿದಳು. ಸುರೇಶಕುಮಾರ ಸರ್ವರ್ ತಂದು, “ಒಂದು ಸ್ಟೂಲ್ ಕೊಡ್ರಿ,” ಎಂದ. “ಫರಸಿ ತಂಪ ಇರತದ, ಮಷೀನಿಗಿ ತಂಪ ಬೇಕಲ್ಲ? ಕೆಳಗೇ ಇಡು,” ಎಂದೆ ನಾನು. ಅವನು ಕೆಳಗೇ ಇಟ್ಟು, ವಾಯರಿನ ಬೋರ್ಡನ್ನೂ ಅದರ ಪಕ್ಕ ನೆಲಕ್ಕೇ ಹಚ್ಚಿ ಹೋದ.

ಶೈಸ್ತಾ ಪ್ರತಿ ರೋಗಿಯ ವಿವರವನ್ನು ಎರಡು ಕಡೆ ಬರೆಯುತ್ತಿದ್ದಳು. ಬುಧವಾರ ಬಂತು, ಫೋನು ಬರಲಿಲ್ಲ. ಮುಂದಿನ ಬುಧವಾರವೂ ಬರಲಿಲ್ಲ.

ನನ್ನ ಖೋಲಿಯ ಬಾಗಿಲಿಂದ ಅವಳ ಕೌಂಟರು ಕಾಣುತ್ತದೆ. ಕೂಸು ಎತ್ತಿಕೊಂಡು ನಿಂತವಳಿಗೆ ತನ್ನ ಕುರ್ಚಿ ಕೊಡುತ್ತಿದ್ದಳು. ಕೋಡ್ಲಾದಿಂದ ಬಂದ ಮುದುಕನಿಗೆ ಬಸ್ಸು ತಪ್ಪೀತೆಂದು, ಉಳಿದವರನ್ನು ಕೇಳಿಕೊಂಡು, ಅವನನ್ನು ಮುಂದೆ ಬಿಡುತ್ತಿದ್ದಳು. ಇದೆಲ್ಲ ನನ್ನ ಕಣ್ಣಿಗೇ ಬೀಳಬೇಕೆ? ಬಿದ್ದಷ್ಟೂ ಹೊಟ್ಟೆ ಉರಿಯುತ್ತಿತ್ತು. ಅವಳು ಒಂದಿಷ್ಟು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಹಗುರಾಗುತ್ತಿತ್ತು.

ಊಟಕ್ಕೆ ಅವಳು ಎರಡು ಡಬ್ಬಿ ತರುತ್ತಿದ್ದಳು, ಒಂದು ತನಗೆ, ಒಂದು ಲುಂಬಿನಿಗೆ. ಖಿಚಡಿ, ಮೇಲೆ ಹುಣಸೆಹುಳಿಯ ಖಟ್ಟಾ. ನಾನು ಮಾಡಿದ ರೊಟ್ಟಿ, ಹುಳಿಸೊಪ್ಪಿನ ಪುಂಡಿಪಲ್ಯ ಹಾಗೇ ಇರುತ್ತಿದ್ದವು.

“ಅವ್ವಾ, ಖಟ್ಟಾ ಒಂದು ಚಮಚ ನೋಡ.”

“ನನಗ ಹುಳಿ ಆಗಂಗಿಲ್ಲ.”

“ಏ ಶೈಸ್ತಾ, ಕೇಳಿದೇನ? ಪುಂಡಿಪಲ್ಯ ಬಳಕೊಂಡು ತಿನ್ನಾಕಿಗಿ ಹುಳಿ ಆಗಂಗಿಲ್ಲಂತ!”

ಲುಂಬಿನಿ ಜೋರಾಗಿ ನಕ್ಕಳು. ಶೈಸ್ತಾ ನಗಲಿಲ್ಲ. ಅದೂ ನನಗೆ ಸೇರಲಿಲ್ಲ.

ಮೂರನೆಯ ಬುಧವಾರ ಚಿತ್ತಾಪುರದ ದಾರಿಯಲ್ಲಿ ಲಾರಿಯೊಂದು ನಿಜವಾಗಿಯೂ ಕೇಬಲ್ ಹರಿದುಹಾಕಿತು. ಅಲ್ಲಿ ಫೋನಿನಲ್ಲಿ ಮಾತಾಡಲು ಬರುತ್ತಿತ್ತು, ನೆಟ್ ಇಲ್ಲದೆ ಫೈಲು ತೆರೆಯುತ್ತಿರಲಿಲ್ಲ. ನನ್ನ ಫೋನು ರಿಂಗಾಯಿತು. ಆ ಲಾರಿಯವನು ಎಲ್ಲಿದ್ದರೂ ತಣ್ಣಗಿರಲಿ ಎಂದುಕೊಂಡೆ. ಚಸ್ಮಾ ಹುಡುಕಲು ಅವತ್ತು ಬಹಳ ಹೊತ್ತು ಹಿಡಿಯಿತು.

“ಅವ್ವಾ, ಲಗೂ. ಪೀರಪ್ಪ ಕಾಕಾಗ ಭಾಳ ದಮ್ಮು ಹತ್ಯಾದ.”

ಫೋನಿನಲ್ಲಿ ಅವನ ಉಸಿರು ಗರಗಸದ ಹಾಗೆ ಕೇಳುತ್ತಿತ್ತು. ಗಡಬಡಿಸಿ ಫೈಲು ತೆಗೆದು ಹೇಳಿದೆ. ಅವತ್ತು ಅವಳು ಊಟದ ಮಾತು ಕೇಳಲಿಲ್ಲ.

ಹುಣ್ಣಿಮೆ ಬಂತು. ಬೆಳಿಗ್ಗೆ ಫೋಟೋ ಒರೆಸಿ, ಬಕೆಟ್ ಬೋರಲು ಹಾಕಿದೆ. ಇಷ್ಟು ವರ್ಷ ಮಾಡಿದ ಕೈ, ಕೇಳಬೇಕೇ? ವಾಸನೆ ಏಳಲಿ ಎಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ನೀರು ಸರ್ವರಿನ ಕೆಳಗೆ ಸೇರಿತ್ತು. ಮಷೀನು ಒಂದು ಸಲ ಚಟ್ ಅಂದು ದೀಪ ಆರಿತು.

“ಅಮ್ಮಾ! ಅಲ್ಲೇ ನಿಂದ್ರಿ! ಏನೂ ಮುಟ್ಟಬ್ಯಾಡ್ರಿ!”

ರೈಲಿಳಿದು ಬಂದ ಶೈಸ್ತಾ ಬಾಗಿಲಲ್ಲಿದ್ದಳು. ಓಡಿಹೋಗಿ ಮೇನ್ ಸ್ವಿಚ್ ಇಳಿಸಿದಳು. ದವಾಖಾನೆಯ ಪಂಖಗಳೆಲ್ಲ ನಿಂತವು. ಆಮೇಲೆ ಒಳಗೆ ಬಂದು ನನ್ನ ರಟ್ಟೆ ಹಿಡಿದು ಹೊರಗಿನ ಬಾಕಿನ ಮೇಲೆ ಕೂಡಿಸಿದಳು. ಓಢಣಿಯ ತುದಿಯಿಂದ ನನ್ನ ಪಾದ ಒರೆಸಿದಳು. ಮಷೀನಿನ ಕಡೆ ಇನ್ನೂ ತಿರುಗಿ ನೋಡಿರಲಿಲ್ಲ.

ಲುಂಬಿನಿ ಮಾಳಿಗೆಯ ಮೇಲಿನ ನಮ್ಮ ಮನೆಯಿಂದ ಇಳಿದು ಬಂದಳು. “ಯಾರ್ ಮಾಡಿದ್ದು ಇದು?”

“ಫರಸಿ ತೊಳದೀವ್ರಿ ಮೇಡಂ. ಇವತ್ತ ಹುಣ್ಣಿವಿ ಅಲ್ರಿ,” ಎಂದಳು ಶೈಸ್ತಾ.

“ಆಕಿ ಈಗ ಬಂದಾಳ. ನೀರು ಸುರುವಿದಾಕಿ ನಾ,” ಎಂದೆ. ಅವಳ ಉಪಕಾರದ ನೆರಳಿನಲ್ಲಿ ನಿಲ್ಲುವುದು ನನಗೆ ಬೇಕಿರಲಿಲ್ಲ.

ಮಧ್ಯಾಹ್ನ ಸುರೇಶಕುಮಾರ ಬಂದ. “ಹುಣ್ಣಿವಿಗಿ ಮಷೀನಿಗೂ ಜಳಕ ಮಾಡಿಸ್ತಾರಂತ ಇಲ್ಲೇ ನೋಡಿದೆರಿ!” ಎಂದು ಅದನ್ನು ಅಂಗಳದ ಬಿಸಿಲಿಗಿಟ್ಟ. “ಮಾಹಿತಿ ಹೋಗಿಲ್ರಿ, ಕ್ಲೌಡಿನ್ಯಾಗ ಎಲ್ಲಾ ಅದ. ಸರ್ವರೇ ಬೇಕಂದ್ರ ಗ್ವಾಡಿಗಿ ಹಲಗಿ ಹೊಡದು ಬ್ಯಾರೆದ್ದು ಇಡತೀನಿ.”

ಲುಂಬಿನಿ ನನ್ನ ಮುಖ ನೋಡಿದಳು. “ಖೋಲಿ ನಿಂದು, ಅವ್ವಾ. ನೀ ಹೇಳಿದಂಗ.”

“ಹಲಗಿ ಹೊಡಿಸಿದ್ರ ಏನೂ ಆಗಂಗಿಲ್ರಿ,” ಎಂದಳು ಶೈಸ್ತಾ. “ಅಮ್ಮ ಹೇಳೂದೂ ಖರೆ ಅದ. ನೆಟ್ ಹೋಗತದ.”

ನನ್ನ ಪರವಾಗಿ ಮಾತಾಡುತ್ತಿದ್ದಾಳೆ! ಹೂಂ ಅಂದರೆ ಸಾಕಿತ್ತು, ಬುಧವಾರ ಮತ್ತೆ ನನ್ನದಾಗುತ್ತಿತ್ತು. ಆದರೆ ಬುಧವಾರದ ಜೊತೆಗೇ ಪೀರಪ್ಪನ ಉಸಿರೂ ನೆನಪಾಯಿತು. ನಾನು ಮೂಗಿನ ಮೇಲಿನ ಚಸ್ಮಾ ಹುಡುಕುತ್ತಿದ್ದಾಗ ಅವನು ಆ ಕಡೆ ಕಾಯುತ್ತಿದ್ದ.

“ಕ್ಲೌಡೇ ಇರಲಿ,” ಎಂದೆ. “ನೆಟ್ ಹೋದ ದಿನಕ್ಕ ಹಳೀ ಫೈಲ್ ಅದಾವ. ನಾ ಅದೀನಿ.”

ಮರುಗಳಿಗೆಯೇ ಮಾತು ವಾಪಸು ತೆಗೆದುಕೊಳ್ಳಬೇಕೆನ್ನಿಸಿತು. ಅಷ್ಟರಲ್ಲಿ ಸುರೇಶಕುಮಾರ ವಾಯರು ಸುತ್ತತೊಡಗಿದ್ದ.

ಮುಂದಿನ ಬುಧವಾರ ರೊಟ್ಟಿ ಬಡಿಯಲು ಮನಸ್ಸಾಗಲಿಲ್ಲ. ಬರಿಗೈಯಲ್ಲಿ ಬಂದು ಖೋಲಿಯಲ್ಲಿ ಕೂತೆ. ಮಷೀನು ಇದ್ದ ಜಾಗದಲ್ಲಿ ಫರಸಿಯ ಮೇಲೊಂದು ಬಿಳಿ ಚೌಕ ಉಳಿದಿತ್ತು. ಊಟದ ಹೊತ್ತಾಯಿತು. ಹೊರಗೆ ಶೈಸ್ತಾಳ ಫೋನು ರಿಂಗಾಯಿತು. “ಹೂಂರಿ ಮೇಡಂ, ಅಲ್ಲಿ ಫೈಲ್ ತೆರೀತಲ್ರಿ? ಎಲ್ಲಾ ಕಾಣತದಲ್ರಿ?” ಎಂದು ನಕ್ಕಳು. ಆ ನಗು ನನ್ನದಾಗಬೇಕಿತ್ತು. ಗೋಡೆಯ ಕಡೆ ತಿರುಗಿ ಕೂತೆ.

ಸ್ವಲ್ಪ ಹೊತ್ತಿಗೆ ಅವಳು ಒಳಗೆ ಬಂದಳು. ಬುಧವಾರ ಲುಂಬಿನಿ ಇಲ್ಲಿರುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಕೈಯಲ್ಲಿ ಎರಡನೆಯ ಡಬ್ಬಿ ಇತ್ತು. ಮುಚ್ಚಳ ತೆಗೆದಳು. ಖಿಚಡಿ ಇತ್ತು. ಖಟ್ಟಾ ಇರಲಿಲ್ಲ, ಅದರ ಬದಲು ಹುಳಿ ಹಾಕದ ತೊಗರಿಬೇಳೆ. ನನ್ನ ಸುಳ್ಳನ್ನು ಅವಳೊಬ್ಬಳೇ ನಂಬಿದ್ದಳು, ಅಥವಾ ನಂಬದೆಯೂ ಮಾಡಿದ್ದಳು.

ಚಮಚವನ್ನು ಖಿಚಡಿಯಲ್ಲಿ ಸಿಕ್ಕಿಸಿ, ಡಬ್ಬಿಯನ್ನು ನನ್ನ ಎರಡೂ ಕೈಗೆ ಕೊಟ್ಟು, ಕೌಂಟರಿಗೆ ಹೋದಳು.