ಕಾಪಿಟ್ಟ ಕೆಂಪು ಸೀಸೆ

ಬಟ್ಟಲಿನ ಬಿಸಿ ಅಂಗೈಗೆ ತಿಳಿಯುತ್ತಿದೆ, ಬೆರಳ ತುದಿಗಳಿಗೆ ಇಲ್ಲ, ಒಂದೇ ಕೈಯಲ್ಲಿ ಎರಡು ಹವೆ, ಎಂದುಕೊಂಡು ಇಂಗ್ವಿಲ್ಡ್ ಕಾಫಿಯನ್ನು ಮೇಜಿನ ಮೇಲೆ ನೋಡಿಕೊಂಡು ಇಟ್ಟಳು, ಈಗೀಗ ಎಲ್ಲವನ್ನೂ ನೋಡಿಯೇ ಇಡಬೇಕು, ನೋಡಿಯೇ ಹಿಡಿಯಬೇಕು, ಅಂಗಿಯ ಗುಂಡಿ, ಬೀಗದ ಕೈ, ಪ್ರಯೋಗಾಲಯದ ಗಾಜಿನ ನಳಿಗೆ — ಔಷಧ ಗಡ್ಡೆಯನ್ನು ಕೊಂದು ಹೋಗುವಾಗ ಬೆರಳ ತುದಿಗಳ ಅರಿವನ್ನೂ ಎತ್ತಿಕೊಂಡು ಹೋಗಿತ್ತು, ಮರಳಿ ಬರಬಹುದು, ಬರದೆಯೂ ಇರಬಹುದು ಅಂದಿದ್ದರು ಡಾಕ್ಟರು, ಇರಲಿ, ಕಳೆದುಕೊಂಡದ್ದಕ್ಕಿಂತ ಉಳಿದದ್ದೇ ಹೆಚ್ಚು, ಅಂಗೈ ಇದೆ, ಕಾಫಿ ಇದೆ, ಬೇಕರಿಯ ಪೆಟ್ಟಿಗೆಯಲ್ಲಿ ಜಾಮು ತುಂಬಿದ ಸೂರ್ಯನ ಬನ್ನುಗಳಿವೆ, ನವೆಂಬರಿನಲ್ಲಿ ಮುಳುಗಿ ಹೋದ ಸೂರ್ಯ ಇವತ್ತು ಟ್ರೋಮ್ಸೊಗೆ ಮರಳುವ ದಿನ, ಮೋಡ ಬಿಟ್ಟುಕೊಟ್ಟರೆ, ಆದರೆ ಗಂಡ ಸ್ಟೈನಾರ್ ಅದಕ್ಕೆ ಕಾಯದೆ ಆಗಲೇ ಎರಡು ತಿಂದಿದ್ದಾನೆ, ಗಡ್ಡದಲ್ಲಿ ಸಕ್ಕರೆಪುಡಿ, ತೊಡೆಯ ಮೇಲೆ ವಿಡಿಯೋ ಗೇಮಿನ ಕಂಟ್ರೋಲರ್, ಹೋಗೋಣ್ವೇನೇ ಅನ್ನುತ್ತಾನೆ, ಟಿವಿಯ ತೆರೆಯ ಮೇಲೆ ಹಿಮದೈತ್ಯನ ಅರಮನೆಯ ಬಾಗಿಲು, ಅದರ ಮುಂದೆ ಅವಳ ಬೇಟೆಗಾತಿ, ಅವನ ಗುರಾಣಿಯವನು, ಕೆಳಗೆ ಮೂಲೆಯಲ್ಲಿ ಆ ಕೆಂಪು ಸೀಸೆ. ಇಡೀ ಆಟದಲ್ಲಿ ಅಂಥದ್ದು ಒಂದೇ ಒಂದು, ಕುಡಿದರೆ ಪೂರ್ತಿ ಪ್ರಾಣ, ಬೇಕಾದರೆ ಜೊತೆಗಾರನಿಗೆ ಎಸೆಯಲೂಬಹುದು, ಮೊದಲನೆಯ ಗುಹೆಯಲ್ಲಿ ಸಿಕ್ಕಿದ್ದು, ಅಲ್ಲಿಂದ ಇಲ್ಲಿಯವರೆಗೆ ಅವಳು ಮುಟ್ಟಿಲ್ಲ, ಅವಳು ಯಾವ ಆಟದಲ್ಲೂ ಮುಟ್ಟಿದವಳಲ್ಲ, ಮುಂದೆ ಬೇಕಾಗುತ್ತೆ, ಮುಂದೆ ಬೇಕಾಗುತ್ತೆ, ಕೊನೆಗೆ ದೈತ್ಯ ಸತ್ತು ಹೆಸರುಗಳು ತೆರೆಯ ಮೇಲೆ ಹರಿಯುವಾಗ ಚೀಲದ ತುಂಬ ಸೀಸೆಗಳು, ಪೆನ್ಶನ್‌ಗೆ ಇಟ್ಕೊಂಡಿದ್ದೀಯಾ ಅಂತ ಪ್ರತಿ ಸಲ ಅವನ ಗೇಲಿ.

ಬಾಗಿಲು ತೆರೆಯುವ ಮುನ್ನ ಮತ್ತೊಮ್ಮೆ ಲೆಕ್ಕ, ಅವಳಿಗೆ ಅದೊಂದು ಚಟ — ಇದು ಒಂದೇ ಜೀವದ ಆಟ, ಅತಿ ಕಠಿಣ, ಇಬ್ಬರಲ್ಲಿ ಯಾರು ಬಿದ್ದರೂ ಇಬ್ಬರೂ ಅಳಿಸಿಹೋಗುತ್ತಾರೆ, ಜೊತೆಗೆ ಈ ಚಳಿಗಾಲವಿಡೀ ಆಡಿದ್ದೂ. ಮೊದಲಾಗಿದ್ದರೆ ಹೆದರುತ್ತಿರಲಿಲ್ಲ, ಮೊದಲು ಅವಳು ತನ್ನ ಬೇಟೆಗಾತಿಯನ್ನು ಕಟ್ಟುತ್ತಿದ್ದ ರೀತಿಯೇ ಬೇರೆ, ಗಳಿಸಿದ ಅಂಕಗಳೆಲ್ಲ ವೇಗಕ್ಕೆ, ಜಾರುವುದಕ್ಕೆ, ಕವಚವೇ ಬೇಡ, ಹೊಡೆತ ತಾಗಿದರಲ್ಲವೇ ಕವಚ, ಹಿಂದಕ್ಕೆ ಹಾರುವವರು ಸಾಯುತ್ತಾರೆ, ಹೊಡೆಯುವವನ ಕಂಕುಳ ಕೆಳಗೇ ನುಗ್ಗಿ ಆಚೆ ಹೋಗಬೇಕು, ಕತ್ತಿ ನೋಡಬೇಡ ಕಾಲು ನೋಡು ಮಹಾರಾಯ, ಕಾಲು ಮೊದಲು ಹೇಳುತ್ತೆ ಎಂದು ಸ್ಟೈನಾರ್‌ಗೆ ಎಷ್ಟು ವರ್ಷ ಹೇಳಿಕೊಟ್ಟಿದ್ದಳು, ಅವನು ಅದನ್ನು ಕಲಿಯಲೇ ಇಲ್ಲ, ಗುರಾಣಿ ಎತ್ತಿ ನಿಲ್ಲುತ್ತಿದ್ದ, ಬಂಡೆ, ಬರೀ ಬಂಡೆ ನೀನು ಅನ್ನುತ್ತಿದ್ದಳು. ಆಮೇಲೆ ಈ ಶರತ್ಕಾಲ, ಆಸ್ಪತ್ರೆಯಿಂದ ಬಂದು ಮೊದಲ ಸಲ ಕಂಟ್ರೋಲರ್ ಹಿಡಿದರೆ ಗುಂಡಿ ಒತ್ತಿದೆಯೋ ಇಲ್ಲವೋ ಬೆರಳಿಗೆ ಗೊತ್ತಿಲ್ಲ, ಊರಾಚೆಯ ಯಕಶ್ಚಿತ್ ತೋಳ ಅವಳನ್ನು ಕಚ್ಚಿ ಕೊಂದಿತು, ಮತ್ತೆ ಕೊಂದಿತು, ಅವಳು ಅಳಲಿಲ್ಲ, ಪಾತ್ರೆ ತೊಳೆಯಲು ಹೋದಳು, ತೊಳೆದಿದ್ದ ಪಾತ್ರೆಗಳನ್ನೇ ತೊಳೆದಳು, ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಅವನಂದ, ಬೇಗ ಇರೋ ಆಟ ಬಿಡು, ನಿಧಾನದ್ದು ಒಂದು ಕಟ್ಟು, ನೀನು ರಸಾಯನಶಾಸ್ತ್ರ ಓದಿದೋಳಲ್ವಾ, ವಿಷ ಹಾಕು. ಆ ಒಂದು ಮಾತು. ಆ ರಾತ್ರಿಯೇ ಕೂತು ತಲೆಯಲ್ಲೇ ಲೆಕ್ಕ ಬಿಡಿಸಿದ್ದಳು, ಕಠಿಣ ಆಟದಲ್ಲಿ ಶತ್ರುವಿಗೆ ಪ್ರಾಣ ಹಲವು ಪಟ್ಟು, ಪ್ರತಿ ಸಲ ಇಷ್ಟೇ ಎಂದು ಪ್ರಾಣ ಕಳೆಯುವ ಬಾಣ ಅಷ್ಟೇ ಪಟ್ಟು ಬಡವಾಗುತ್ತದೆ, ಆದರೆ ವಿಷ ತಿನ್ನುವುದು ಒಟ್ಟು ಪ್ರಾಣದ ಒಂದು ಪಾಲನ್ನು, ಪಾಲಿಗೆ ದೊಡ್ಡವನು ಸಣ್ಣವನು ಇಲ್ಲ, ಇಲಿಗೆ ಹಿಡಿಯುವಷ್ಟೇ ಹೊತ್ತು ದೈತ್ಯನಿಗೂ, ಬೇಕಾದ್ದು ಕಾಲ ಮಾತ್ರ, ಬಾಣ ನೆಟ್ಟು ದೂರ ನಿಂತು ಬದುಕಿರುವ ಕಾಲ, ಎಷ್ಟು ಚೆಂದದ ಲೆಕ್ಕ, ತಿಂಗಳುಗಳ ನಂತರ ತನ್ನ ತಲೆ ತನ್ನದೇ ಅನ್ನಿಸಿತ್ತು.

ಬಾಗಿಲು ಸರಿಯಿತು, ನೀಲಿ ಹಜಾರ, ಮನೆಯ ಕಿಟಕಿಯ ಹೊರಗೂ ಅದೇ ನೀಲಿ, ಮೊದಲು ದೈತ್ಯನನ್ನು ವಾಸಿಮಾಡುವ ಮಾಟಗಾತಿಯನ್ನು ಕೆಡವಬೇಕು, ಅವಳಿರುವ ತನಕ ಉಳಿದದ್ದೆಲ್ಲ ವ್ಯರ್ಥ, ಕೆಡವಿದರು, ಆಮೇಲೆ ಕಂಬದ ಮರೆ, ದಮ್ಮಿನ ಪಟ್ಟಿ ಪೂರ್ತಿ ಖಾಲಿ ಮಾಡಬಾರದು, ಓಡಲು ಒಂದಿಷ್ಟು ಉಳಿದಿರಲೇಬೇಕು, ಬಾಣ, ಹೆಬ್ಬೆರಳನ್ನು ಕಣ್ಣಲ್ಲಿ ನೋಡಿ ಒತ್ತು, ತೆರೆ ನೋಡು, ಬೆರಳು ನೋಡು, ವಿಷ ಹತ್ತಿತು, ದೈತ್ಯನ ಪ್ರಾಣಪಟ್ಟಿಯ ಅಂಚು ಹಸಿರಾಗಿ ಕರಗತೊಡಗಿತು, ಅವನು ತಿರುಗಿದ, ಅವಳತ್ತ, ಕಾಲು ನೋಡು, ಎಡಗಾಲು ಹಿಂದಕ್ಕೆ ಹೋಯಿತು ಅಂದರೆ ಕೊಡಲಿ ಬಂತು, ಜಾರು, ಒತ್ತಿದಳು, ಒತ್ತಲಿಲ್ಲ, ಬೆರಳು ಗುಂಡಿಯ ಪಕ್ಕದಲ್ಲಿತ್ತು, ಮುಗಿಯಿತು — ಮುಗಿಯಲಿಲ್ಲ, ಎತ್ತಿದ ಕೊಡಲಿಯೊಂದಿಗೆ ದೈತ್ಯ ಗರ್ರನೆ ತಿರುಗಿ ಸ್ಟೈನಾರ್‌ನ ಗುರಾಣಿಯ ಮೇಲೆ ಬಡಿದ, ಗುರಾಣಿಯವನ ತಲೆಯ ಮೇಲೆ ಒಂದು ಪುಟ್ಟ ಕೊಂಬಿನ ಗುರುತು ಮಿನುಗಿ ಆರಿತು. ಕೊಂಬು. ಕೊಂಬೂದಿ ಶತ್ರುವನ್ನು ತನ್ನ ಕಡೆ ಕರೆಯುವ ಕೌಶಲ, ದಡ್ಡರು ಕಲಿಯೋದು ಅಂತ ಅವಳೇ ನಕ್ಕಿದ್ದು, ಅವನು ಅಂಕಗಳನ್ನೆಲ್ಲ ಸುತ್ತಿಗೆಗೆ ಹಾಕಿದ್ದೀನಿ ಅಂದಿದ್ದ, ಸುತ್ತಿಗೆ ಬಿದ್ದಾಗ ತೆರೆಯ ಮೇಲೆ ಏಳುವ ಹೊಡೆತದ ಅಂಕಿ ಯಾಕಿಷ್ಟು ಸಣ್ಣದು ಎಂದು ಎಷ್ಟು ಸಲ ಅನ್ನಿಸಿತ್ತು, ಅವನ ಕೈಯೇ ಹಾಗೆ ಎಂದು ಬಿಟ್ಟಿದ್ದಳು, ಈಗ ಎಲ್ಲ ಅಂಕಿಗಳೂ ತಾಳೆಯಾಗುತ್ತಿವೆ, ಸೇತುವೆಯ ಮೇಲಿನ ತೋಳಗಳು, ಗಣಿಯ ಜೇಡ, ಎಲ್ಲವೂ ಕೊನೆಯ ಗಳಿಗೆಯಲ್ಲಿ ಅವಳನ್ನು ಬಿಟ್ಟು ತಿರುಗಿದ್ದವು, ತಾನು ಚೆನ್ನಾಗಿ ನಿಲ್ಲುತ್ತಿದ್ದೇನೆ ಅಂದುಕೊಂಡಿದ್ದಳು, ಕೆನ್ನೆ ಬಿಸಿಯಾಯಿತು, ನೀನು ಕೊಂಬು ಕಲಿತಿದ್ದೀಯಾ ಅಂದಳು, ಹ್ಞೂ ಅಂದ ತೆರೆಯಿಂದ ಕಣ್ಣು ತೆಗೆಯದೆ, ಎಷ್ಟು ಅಂಕ, ಎಲ್ಲಾನೂ ಅಂದ, ನನ್ನ ಮೇಲೆ ಕನಿಕರವಾ ಅಂದಳು, ಬಾಣ ಬಿಡುತ್ತಲೇ, ವಿಷ ಆರಲು ಬಿಡಬಾರದು, ಅವನು ಒಂದು ಹೊಡೆತ ತಡೆದ, ಇನ್ನೊಂದು ತಡೆದ, ಕನಿಕರ ಅಲ್ಲ ಕಣೇ, ಆಸ್ಪತ್ರೇಲಿ ನಿನ್ ಪಕ್ಕ ಕುರ್ಚೀಲಿ ಕೂತಿರ್ತಿದ್ನಲ್ಲ, ಆ ನಳಿಗೇಲಿ ಹನಿ ಬೀಳೋದ್ ನೋಡ್ಕೊಂಡು, ನಂಗೆ ಮಾಡಕ್ಕೆ ಏನೂ ಇರ್ಲಿಲ್ಲ. ಇಲ್ಲಿ ಇದೆ. ನಿನ್ ವಿಷಕ್ಕೆ ಟೈಮ್ ಬೇಕು, ಅದ್ನ ನಾನು ಕೊಡ್ತೀನಿ, ಅಷ್ಟೇ. ಅಷ್ಟೇ ಅಂತೆ, ಅವಳ ಕಣ್ಣು ಮಂಜಾಯಿತು, ಈಗ ಮಂಜಾಗಬಾರದು, ಕಾಲು ಕಾಣಬೇಕು, ಆ ಕುರ್ಚಿ, ಹಸಿರು ರೆಕ್ಸಿನ್, ಅವನ ದೊಡ್ಡ ಕೈಗಳು ಮೊಣಕಾಲ ಮೇಲೆ ಸುಮ್ಮನೆ, ಒಂದು ದಿನವೂ ತಪ್ಪಿಸಿರಲಿಲ್ಲ, ಹನಿ ಹನಿ ವಿಷ ಅವಳೊಳಗೆ ಇಳಿದು ತನ್ನ ಪಾಲು ತಿನ್ನುತ್ತಿತ್ತು, ಬೇಕಾದ್ದು ಕಾಲ ಮಾತ್ರ, ಬದುಕಿರುವ ಕಾಲ, ಅದೇ ಲೆಕ್ಕ, ದೇವರೇ, ಇದು ಅದೇ ಲೆಕ್ಕ, ಅವನು ಸುಮ್ಮನೆ ಕೂತಿದ್ದನೆಂದು ಯಾರಂದರು, ಅಲ್ಲೂ ಅವಳ ಭಯವನ್ನೆಲ್ಲ ಕೊಂಬೂದಿ ತನ್ನ ಕಡೆ ಕರೆದುಕೊಳ್ಳುತ್ತಿದ್ದ, ಬಂಡೆ, ನನ್ನ ಬಂಡೆ.

ಅವನ ಪ್ರಾಣಪಟ್ಟಿ ಈಗ ಒಂದು ದಾರದೆಳೆ, ಚೂರು ಪ್ರಾಣ ಕೊಡುವ ಸಣ್ಣ ಹಸಿರು ಸೀಸೆಗಳೆಲ್ಲ ಮುಗಿದಿವೆ, ದೈತ್ಯನಿಗೂ ಹೆಚ್ಚೇನಿಲ್ಲ, ಇನ್ನೊಂದೇ ಚೂರು ಹೊತ್ತು ಅವನು ನಿಂತರೆ ವಿಷ ಮುಗಿಸುತ್ತದೆ, ನಿಲ್ಲಲಾರ, ಸೀಸೆ ಎಸೀತೀನಿ ಅಂದಳು, ಇಟ್ಕೋ, ನಿಂಗೆ ಬೇಕಾಗುತ್ತೆ ಅಂದ, ಮುಂದೆ ಬೇಕಾಗುತ್ತೆ, ಅವಳದೇ ಮಾತು ಅವನ ಬಾಯಲ್ಲಿ, ಫ್ರೀಜರಿನ ತಳದಲ್ಲಿ ಅಮ್ಮ ಕಾಡಿನಲ್ಲಿ ಆಯ್ದು ಕೊಟ್ಟ ಮೋಡಹಣ್ಣಿನ ಕೊನೆಯ ಡಬ್ಬಿ, ಕ್ರಿಸ್ಮಸ್ಸಿಗೆ ಎಂದು ಇಟ್ಟದ್ದು, ಎಷ್ಟು ಕ್ರಿಸ್ಮಸ್ ಬಂದು ಹೋದವು, ಮುಂದೆ ಅನ್ನುವುದು ಯಾವುದು, ಇದೇ ಅಲ್ಲವೇ ಮುಂದೆ, ಎಸೆಯುವ ಗುಂಡಿ, ಬಲಗಡೆ ಮೇಲೆ, ಎಲ್ಲಕ್ಕಿಂತ ಸಣ್ಣದು, ತೆರೆ ಬಿಟ್ಟು ಹೆಬ್ಬೆರಳನ್ನೇ ನೋಡಿದಳು — ಆಗ ಹೆಬ್ಬೆರಳು ಹೊಳೆಯಿತು. ಬೆಟ್ಟದ ಅಂಚಿನಿಂದ ಸೂರ್ಯ ಬಂದಿದ್ದ, ಕಿಟಕಿಯಿಂದ ನೇರ ಒಳಕ್ಕೆ, ಟಿವಿಯ ತೆರೆಯೆಲ್ಲ ಸುಣ್ಣ ಬಳಿದಂತೆ ಬಿಳಿ, ಕಿಟಕಿಗೆ ಪರದೆ ಎಳೆಯುವುದೇ ಮರೆತಿತ್ತು, ಎರಡು ತಿಂಗಳು ಎಳೆಯುವ ಕೆಲಸವೇ ಇಲ್ಲದ ಊರಿನಲ್ಲಿ ಯಾರಿಗೆ ನೆನಪಿರುತ್ತದೆ, ನಂಗೇನೂ ಕಾಣ್ತಿಲ್ಲ ಅಂದ ಸ್ಟೈನಾರ್, ಸುಮ್ನೆ ನಿಂತ್ಕೋ ಅಂದಳು, ನಿಂಗೆ ಬರೋದೇ ಅದು, ಅವನು ನಕ್ಕದ್ದು ಕೇಳಿಸಿತು, ದೈತ್ಯನಿಲ್ಲ, ಕಾಲಿಲ್ಲ, ಕೊಡಲಿಯಿಲ್ಲ, ಒತ್ತಿದಳು, ಬೆರಳಿಗೆ ಗೊತ್ತಾಗಲಿಲ್ಲ, ಕಣ್ಣಿಗೆ ಗೊತ್ತಾಯಿತು, ಗುಂಡಿ ಒಳಕ್ಕೆ ಹೋಯಿತು, ಆ ಬಿಳಿಯಲ್ಲಿ ಉಳಿದ ಬಣ್ಣ ಒಂದೇ, ತಿರುಗುತ್ತ ತಿರುಗುತ್ತ ಅವನ ಕಡೆಗೆ ಹೋಗುವ ಕೆಂಪು ಸೀಸೆ, ಗಾಜು ಒಡೆದ ಸದ್ದು, ಅವನು ಬಿಟ್ಟ ಉಸಿರು, ಗುರಾಣಿಯ ಮೇಲೆ ಒಂದು ಹೊಡೆತ, ಇನ್ನೊಂದು, ಆಮೇಲೆ ದೊಡ್ಡದೇನೋ ಹಜಾರದ ಉದ್ದಕ್ಕೂ ಉರುಳಿಬಿದ್ದ ಸದ್ದು, ಆಮೇಲೆ ಗೆಲುವಿನ ಸಂಗೀತ, ಇಬ್ಬರೂ ಏಳಲಿಲ್ಲ, ಪರದೆ ಎಳೆಯಲಿಲ್ಲ, ಮುಖದ ಮೇಲೆ ಬಿಸಿಲು, ಅವನ ಸಕ್ಕರೆ ಮೆತ್ತಿದ ಕೈ ಅವಳ ಕೈಯೊಳಗೆ, ಅಂಗೈಗೆ ತಿಳಿಯುತ್ತಿದೆ, ಕಣ್ಣು ಮುಚ್ಚಿದಳು, ದಿಟ್ಟಿಸಿ ನೋಡಿದ ಕೆಂಪು ಮುಚ್ಚಿದ ರೆಪ್ಪೆಯ ಒಳಗೆ ಹಸಿರಾಗಿ ಉಳಿಯಬೇಕು, ಅದು ಕಣ್ಣಿನ ನಿಯಮ, ಆಗಲಿಲ್ಲ, ಬಿಸಿಲು ರೆಪ್ಪೆ ದಾಟಿ ಬರುತ್ತಿದೆ, ಕೆಂಪು, ಕೆಂಪೇ, ತಿರುಗುತ್ತ, ಅವನ ಕಡೆಗೆ, ಸೀಸೆ, ಆ ಕೆಂಪು ಸೀಸೆ —