ದೈವಕ್ಕೆ ಬಿಟ್ಟ ಕೇಸುಗಳು

ಆ ನಿಯಮ ಬರೆದದ್ದು ನಾನೇ. ಇನ್ನೊಬ್ಬರ ಮೇಲೆ ಗೂಬೆ ಕೂರಿಸುವುದಿಲ್ಲ.

ಬಂಟ್ವಾಳದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಫೈಲು ಹೊತ್ತು, ಶಿರಸ್ತೇದಾರಳಾಗಿ ನಿವೃತ್ತಳಾದ ಮೇಲೆ ನಾನು ಮನೆಯಲ್ಲಿ ಮಲ್ಲಿಗೆ ಕಟ್ಟಿಕೊಂಡು ಇರಬಹುದಿತ್ತು. ‘ವಿನೋದಮ್ಮನಷ್ಟು ಅಚ್ಚುಕಟ್ಟು ಯಾರುಂಟು’ ಎಂದು ಯಾರೋ ಹೊಗಳಿದರು, ನಾನು ಉಬ್ಬಿಹೋದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆಯ ಪೊಲೀಸು, ಕೋರ್ಟು, ಮಹಿಳಾ ಸಹಾಯ ಕೇಂದ್ರಗಳ ಅಂಕಿಅಂಶವನ್ನು ಒಂದೇ ಪಟ್ಟಿಗೆ ತರುವ ಸಮಿತಿಗೆ ಸಂಯೋಜಕಿಯಾದೆ.

ಒಂದೇ ಪಟ್ಟಿ ಎಂದರೆ ಸುಲಭವೆಂದುಕೊಂಡಿರಾ? ಗಂಡ ಹೆಂಡತಿಗೆ ಹೊಡೆದ ಒಂದು ಕೇಸು ತೆಗೆದುಕೊಳ್ಳಿ. ಠಾಣೆಯವರಿಗೆ ಆರೋಪಪಟ್ಟಿ ಹಾಕಿದ ದಿನ ಅದು ಮುಗಿಯುತ್ತದೆ. ಕೋರ್ಟಿಗೆ ಅವತ್ತೇ ಶುರುವಾಗುತ್ತದೆ. ಸಹಾಯ ಕೇಂದ್ರದವರಿಗೆ ಆ ಹೆಂಗಸು ಹೆದರದೆ ನಿದ್ದೆ ಮಾಡುವವರೆಗೆ ಮುಗಿಯುವುದಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಆರು ಸಭೆಗಳು ಹಾಗೇ ಹೋದವು.

ಏಳನೆಯ ಸಭೆ ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನಡೆಯಿತು. ಅಲ್ಲಿನ ಸಂಖ್ಯಾಶಾಸ್ತ್ರದ ಮೇಷ್ಟ್ರು ಶಿಶಿರ್ ನಮ್ಮ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಡುವವನು. ಠಾಣೆಯ ರೈಟರ್ ರುಕ್ಮಯ್ಯ ಅವತ್ತು ಒಂದು ಅರ್ಜಿ ಹಿಡಿದುಕೊಂಡು ಬಂದಿದ್ದರು. ಬೆಳ್ತಂಗಡಿ ಕಡೆಯ ಗುಡ್ಡದೂರಿನ ವಿಸ್ಮಿತಾಳದ್ದು. ಟಿಪ್ಪರ್ ಓಡಿಸುವ ಗಂಡ ಸಂದೇಶ್ ಹೊಡೆಯುತ್ತಾನೆಂದು ಕೊಟ್ಟ ದೂರು. ಹಿರಿಯರು ಕೂತು ಮಾತಾಡಿ, ಅವನಿಂದ ದೈವದ ಗುಡಿಯ ಎದುರು ಇನ್ನು ಕೈ ಎತ್ತುವುದಿಲ್ಲವೆಂದು ಆಣೆ ಹಾಕಿಸಿದ್ದರು. ಇವಳು ದೂರು ಹಿಂದೆ ತೆಗೆದುಕೊಂಡಿದ್ದಳು.

“ದೈವಕ್ಕೆ ಬಿಟ್ಟಿದ್ದೇವೆ ಅಂತ ಬರೆದುಕೊಟ್ಟು ಹೋಗ್ತಾರೆ ಮೇಡಂ. ಇಂಥದ್ದು ಮೂರು ತಾಲೂಕಲ್ಲಿ ನಲವತ್ತಮೂರು ಉಂಟು. ಬಾಕಿ ಅಂತ ತೋರಿಸಿದರೆ ಸಾಹೇಬರು ನನ್ನ ತಲೆ ತಿಂತಾರೆ,” ಎಂದರು ರುಕ್ಮಯ್ಯ.

“ವಾಪಸ್ ತಗೊಂಡದ್ದು ಅರ್ಜಿ ಮಾತ್ರ ರುಕ್ಮಯ್ಯಣ್ಣ,” ಎಂದಳು ಸಹಾಯ ಕೇಂದ್ರದ ಹಫ್ಸ. “ಪೆಟ್ಟನ್ನು ಯಾರು ವಾಪಸ್ ತಗೊಂಡದ್ದು?”

ಆಗ ನಾನು ಬಾಯಿ ಹಾಕಿದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ!

“ಹಫ್ಸ, ನಿನಗೆ ನಮ್ಮ ದೈವದ ವಿಷಯ ಅಷ್ಟು ಗೊತ್ತಿಲ್ಲ. ಕೋರ್ಟಲ್ಲಿ ಪ್ರಮಾಣ ಮಾಡಿ ಸುಳ್ಳು ಹೇಳಿದವರನ್ನು ನಾನು ದಿನಾ ನೋಡಿದ್ದೇನೆ. ದೈವದ ಎದುರು ಆಣೆ ಹಾಕಿ ತಪ್ಪುವ ಧೈರ್ಯ ಈ ಊರಲ್ಲಿ ಯಾರಿಗುಂಟು? ರಾಜಿಯಾಗಿ ಗಂಡ ಹೆಂಡತಿ ನೆಮ್ಮದಿಯಲ್ಲಿದ್ದಾರೆ ಅಂತ ಬರೆದು ಇತ್ಯರ್ಥಕ್ಕೆ ಹಾಕುವ.”

ಹಫ್ಸ ಇದೇ ಮಣ್ಣಿನಲ್ಲಿ ಹುಟ್ಟಿ ಬೆಳೆದವಳು, ನನಗಿಂತ ಚೆನ್ನಾಗಿ ತುಳು ಮಾತಾಡುವವಳು. ಅವಳು ತನ್ನ ಎದುರಿದ್ದ ಪಟ್ಟಿಯನ್ನು ಮಡಚಿಟ್ಟಳು.

“ಇತ್ಯರ್ಥ ಅಂತ ಹಾಕಿದರೆ ಸಹಾಯ ಕೇಂದ್ರದ ಫೋನ್ ಪಟ್ಟಿಯಿಂದ ಆ ಹೆಸರು ತನ್ನಷ್ಟಕ್ಕೆ ಹೋಗ್ತದೆ ಮೇಡಂ. ತೊಂದರೆ ಇಲ್ವಾ?” ಎಂದು ಶಿಶಿರ್ ಕೇಳಿದ. ಬಾಕಿ ಇರುವ ಪ್ರತಿ ಕೇಸಿನ ಹೆಂಗಸಿಗೂ ಹಫ್ಸ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿದ್ದಳು. ನಾನು ಗತ್ತಿನಿಂದ, “ಅವಳಿಗೂ ಅಷ್ಟು ಕೆಲಸ ಕಡಿಮೆಯಾಯ್ತಲ್ಲ,” ಎಂದೆ. ಮುಂದೆ ಜಗಳ ಬೇಡವೆಂದು, ಎಲ್ಲರೂ ಒಪ್ಪದೆ ವರ್ಷದ ನಡುವೆ ಯಾವ ನಿಯಮವನ್ನೂ ಬದಲಿಸಬಾರದೆಂಬ ಸಾಲನ್ನೂ ನಾನೇ ಸೇರಿಸಿ ಎಲ್ಲರ ಸಹಿ ತೆಗೆದುಕೊಂಡೆ.

ಆರು ತಿಂಗಳಲ್ಲಿ ಇತ್ಯರ್ಥದ ಪ್ರಮಾಣ ನೂರಕ್ಕೆ ಐವತ್ತೆಂಟರಿಂದ ಎಂಬತ್ತೊಂದಕ್ಕೆ ಏರಿತು. ನನಗೊಂದು ಶಾಲು, ಒಂದು ಹಣ್ಣಿನ ಬುಟ್ಟಿ. ಫೋಟೋದಲ್ಲಿ ನನ್ನ ಹಲ್ಲು ನೋಡಬೇಕು ನೀವು.

ಮರುವಾರ ಹಫ್ಸ ಫೋನ್ ಮಾಡಿದಳು. “ಅಕ್ಕ, ವಿಸ್ಮಿತಾ ಮಂಗಳೂರಲ್ಲಿ ಆಸ್ಪತ್ರೆಯಲ್ಲಿದ್ದಾಳೆ. ದವಡೆ ಮುರಿದಿದೆ. ಒಂದು ಕಿವಿಯ ತಮಟೆ ಒಡೆದಿದೆ.”

ಇಬ್ಬರೂ ಹೋದೆವು. ದವಡೆಗೆ ತಂತಿ ಕಟ್ಟಿದ್ದರಿಂದ ವಿಸ್ಮಿತಾ ಮಾತಾಡುವಂತಿರಲಿಲ್ಲ. ಪಕ್ಕದಲ್ಲಿ ಅವಳ ತಾಯಿ ವಾರಿಜಾಕ್ಷಿ ಕೂತಿದ್ದರು.

“ಅವನಿಗೆ ಪೊಲೀಸರ ಹೆದರಿಕೆ ಇರಲಿಲ್ಲ ಅಕ್ಕ, ಸಹಾಯ ಕೇಂದ್ರದ ಈ ಫೋನಿನ ಹೆದರಿಕೆ ಇತ್ತು,” ಎಂದರು ಅವರು. “ಅದು ಬರುವ ದಿನ ಹತ್ತಿರವಾದರೆ ಕೈ ಎತ್ತುತ್ತಿರಲಿಲ್ಲ. ಆಣೆ ಹಾಕಿದ ಮೇಲೆ ಒಂದು ತಿಂಗಳು ಸುಮ್ಮನಿದ್ದ. ಫೋನೂ ನಿಂತಿತು. ‘ನೋಡು, ನಿನ್ನ ಸರಕಾರವೂ ನಿನ್ನನ್ನು ಬಿಟ್ಟಿತು’ ಅಂತ ಹೇಳಿ ಹೊಡೆದನಂತೆ.”

“ಮತ್ತೆ ಆ ಆಣೆ?” ಎಂದೆ. ಅಷ್ಟಾದರೂ ನನಗೆ ಅದೇ ಬೇಕಿತ್ತು.

“ಪ್ರತಿ ಸಲ ಹೊಡೆದ ಮೇಲೆ ಗುಡಿಗೆ ಹೋಗಿ ತಪ್ಪುಕಾಣಿಕೆ ಹಾಕಿ ಕೈಮುಗಿದು ಬರ್ತಾನೆ. ದೈವದ ಹತ್ತಿರ ಅವನ ಲೆಕ್ಕ ಚೊಕ್ಕ ಉಂಟಂತೆ. ಇವಳು ಠಾಣೆಗೆ ಹೋಗ್ತೇನೆ ಅಂದರೆ ಹಿರಿಯರು ಬಿಡಲಿಲ್ಲ. ದೈವಕ್ಕೆ ಬಿಟ್ಟದ್ದನ್ನು ಪುನಃ ಠಾಣೆಗೆ ಒಯ್ದರೆ ಕುಟುಂಬಕ್ಕೆ ದೋಷ ಅಂತೆ.”

ನನಗೆ ಅವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದ ಹೇಸಿಗೆ ದೊಡ್ಡದು. ತಪ್ಪುಕಾಣಿಕೆಯ ವಿಷಯ ನನಗೆ ಗೊತ್ತಿರಲಿಲ್ಲವೇ? ನಮ್ಮ ಮನೆಯಲ್ಲೇ ಎಷ್ಟು ಸಲ ಹಾಕಿಲ್ಲ!

ಎರಡೇ ದಿನದಲ್ಲಿ ಸಭೆ ಕರೆದೆ. ನಲವತ್ತಮೂರನ್ನೂ ಬಾಕಿ ಎಂದು ತಿದ್ದಬೇಕೆಂದೆ.

“ವರದಿ ಮೇಲೆ ಹೋಗಿ ಆಯ್ತಲ್ಲ ಮೇಡಂ,” ಎಂದರು ರುಕ್ಮಯ್ಯ. ಪಾಪ, ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ. “ಎಂಬತ್ತೊಂದು ಸುಳ್ಳು ಅಂತ ಈಗ ಯಾರು ಹೇಳುವುದು? ಆ ಹುಡುಗಿದ್ದು ಬೇಕಾದರೆ ಹೊಸ ಕೇಸ್ ಹಾಕುವ, ನಾನೇ ಬರೆದುಕೊಳ್ತೇನೆ.”

“ನಡುವೆ ಬದಲಿಸಿದರೆ ಹೋದ ವರ್ಷಕ್ಕೆ ಹೋಲಿಸ್ಲಿಕ್ಕೆ ಆಗುವುದಿಲ್ಲ ಮೇಡಂ,” ಎಂದ ಶಿಶಿರ್. “ಎಲ್ಲರೂ ಒಪ್ಪಬೇಕು ಅಂತ ನೀವೇ ಬರೆದದ್ದಲ್ವಾ?”

ಹೌದು, ನಾನೇ. ನನ್ನ ಪರವಾಗಿ ಕೈ ಎತ್ತಿದ್ದು ಹಫ್ಸ ಒಬ್ಬಳು. ಅವಳು ಅವತ್ತೇ ತಾನೇ ಫೋನ್ ಮಾಡಲೆಂದು ಆ ನಲವತ್ತಮೂರು ಹೆಂಗಸರ ನಂಬರುಗಳನ್ನು ಕಾಗದದಲ್ಲಿ ಬರೆದುಕೊಂಡು ಹೋದಳು. ನಿನಗೆ ದೈವದ ವಿಷಯ ಗೊತ್ತಿಲ್ಲ ಎಂದಿದ್ದ ನನಗೆ ಒಂದು ಮಾತು ತಿರುಗಿಸಿ ಹೇಳಲಿಲ್ಲ. ಹೇಳಿ ಎರಡು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮರುದಿನ ಹೊಸ ದೂರಿನ ಕಾಗದ ಹಿಡಿದು ಇಬ್ಬರೂ ಪುನಃ ಆಸ್ಪತ್ರೆಗೆ ಹೋದೆವು. ಹೊಸ ಕೇಸು ಹೇಗೆ ನಡೆಯುತ್ತದೆಂದು ನಾನು ಹೇಳುತ್ತ ಹೋದೆ, ವಾರಿಜಾಕ್ಷಿ ಕೇಳುತ್ತ ಹೋದರು.

“ಹಳೇ ದೂರು ಎಂತ ಆಯ್ತು ಅಕ್ಕ?” ಎಂದರು.

“ಅದು ಮುಗಿದಿದೆ ಅಂತ ಉಂಟು.”

“ಹೇಗೆ ಮುಗಿದದ್ದು?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ರಾಜಿಯಾಗಿ ಗಂಡ ಹೆಂಡತಿ ನೆಮ್ಮದಿಯಲ್ಲಿದ್ದಾರೆ ಅಂತ ಉಂಟು. ಅದನ್ನು ತಿದ್ದಲಿಕ್ಕೆ ನನ್ನಿಂದ ಆಗಲಿಲ್ಲ.”

ಅವರು ಅಳಲಿಲ್ಲ, ಕೂಗಲಿಲ್ಲ. ಸೆರಗಿನಿಂದ ಮಗಳ ಬಾಯಿಯ ಅಂಚು ಒರೆಸಿದರು.

“ಹಾಗಾದರೆ ಆ ನೆಮ್ಮದಿಯಲ್ಲಿರುವವಳನ್ನು ಕರ್ಕೊಂಡು ಬನ್ನಿ ಅಕ್ಕ. ನಾನು ಮನೆಗೆ ಕರ್ಕೊಂಡು ಹೋಗ್ತೇನೆ.”

ವಿಸ್ಮಿತಾ ಕೈ ಚಾಚಿ ನನ್ನಿಂದ ಪೆನ್ನು, ಕಾಗದ ತೆಗೆದುಕೊಂಡಳು. ಓದಿದಳು, ಸಹಿ ಹಾಕಿದಳು. ನಾನು ಕೈ ಮುಂದೆ ಮಾಡಿದೆ. ಅವಳು ನನ್ನ ಕೈಯನ್ನು ದಾಟಿ ಕಾಗದವನ್ನು ಹಫ್ಸಳ ಕೈಗೆ ಕೊಟ್ಟಳು.